ಇಂಗ್ಲೆಂಡಿನ ಹಳೆಯ ಉಯಿಲುಗಳನ್ನು ಚರ್ಚ್ ನ್ಯಾಯಾಲಯಗಳ ದಾಖಲೆಗಳಲ್ಲಿ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಹಳೆಯ ಕುಟುಂಬವೊಂದರ ಬೇರು ಹುಡುಕುವವರು, ಅಥವಾ ಅಲ್ಲಿಂದ ಮೈಸೂರು ಸೀಮೆಗೆ ಬಂದು ಇಲ್ಲಿಯೇ ಮಣ್ಣಾದ ಸೈನಿಕರ, ವರ್ತಕರ ಜಾಡು ಹಿಡಿದವರು ಒಂದಲ್ಲ ಒಂದು ಹಂತದಲ್ಲಿ ಉಯಿಲುಗಳ ಬಾಗಿಲಿಗೆ ಬರುತ್ತಾರೆ. 1858ಕ್ಕೆ ಮುಂಚಿನ ಉಯಿಲುಗಳು ಒಂದೇ ಕಡೆ ಇಲ್ಲ, ಒಂದೇ ಸೂಚಿಯಲ್ಲಿಯೂ ಇಲ್ಲ. ಇನ್ನೂರಕ್ಕೂ ಹೆಚ್ಚು ಚರ್ಚ್ ನ್ಯಾಯಾಲಯಗಳ ಕಡತಗಳಲ್ಲಿ ಅವು ಹಂಚಿಹೋಗಿವೆ. ಆದ್ದರಿಂದ ಸತ್ತವರ ಹೆಸರಿಗಿಂತ ಮೊದಲು ಅವರ ಸ್ವತ್ತು ಯಾವ ನ್ಯಾಯಾಲಯದ ಹದ್ದಿನೊಳಗಿತ್ತು ಎಂದು ವಿಚಾರಿಸಬೇಕು ಎಂಬುದೇ ಕೆಳಗಿನ ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಮಾತು.

ಉಯಿಲಿನ ಅಧಿಕಾರ ಚರ್ಚಿನ ಕೈಯಲ್ಲಿ ಏಕಿತ್ತು?

ಮಧ್ಯಯುಗದ ಇಂಗ್ಲೆಂಡಿನಲ್ಲಿ ಸ್ಥಿರಾಸ್ತಿ ಮತ್ತು ಚರಾಸ್ತಿ ಬೇರೆ ಬೇರೆ ಕಾನೂನುಗಳಿಗೆ ಒಳಪಟ್ಟಿದ್ದವು. ಭೂಮಿಯ ವ್ಯಾಜ್ಯ ರಾಜನ ನ್ಯಾಯಾಲಯಗಳಿಗೆ ಸೇರಿದ್ದು. ಸತ್ತವನ ಹಣ, ದನಕರು, ಪಾತ್ರೆಪಡಗ, ಬಟ್ಟೆಬರೆಗಳ ವಿಲೇವಾರಿ ಮಾತ್ರ ಅವನ ಆತ್ಮದ ಸದ್ಗತಿಗೆ ಸಂಬಂಧಿಸಿದ್ದೆಂಬ ಭಾವನೆಯಿಂದ ಚರ್ಚಿನ ಪಾಲಿಗೆ ಬಂತು. ಸಾಯುವವನು ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿ, ಸಾಲ ತೀರಿಸಲು ಹೇಳಿ, ಬಡವರಿಗೆ ಇಷ್ಟು, ಚರ್ಚಿಗೆ ಇಷ್ಟು ಎಂದು ಬಿಟ್ಟುಹೋಗುವುದು ಒಂದೇ ಕ್ರಿಯೆಯ ಭಾಗಗಳಾಗಿದ್ದವು. 1530ರ ದಶಕದಲ್ಲಿ ಎಂಟನೇ ಹೆನ್ರಿ ಪೋಪನ ಸಂಬಂಧ ಕಡಿದುಕೊಂಡ ಮೇಲೂ ಈ ನ್ಯಾಯಾಲಯಗಳು ಹಾಗೆಯೇ ಮುಂದುವರಿದವು.

ಭೂಮಿಯನ್ನು ಉಯಿಲಿನ ಮೂಲಕ ಬಿಟ್ಟುಹೋಗಲು ದೇಶಾದ್ಯಂತ ಅನುಮತಿ ದೊರೆತದ್ದು 1540ರ ಕಾಯಿದೆಯಿಂದ. ಆಮೇಲೆ ಭೂಮಿ, ಚರಾಸ್ತಿ ಎರಡೂ ಒಂದೇ ಕಾಗದದಲ್ಲಿ ಬರತೊಡಗಿದವು. ಆದರೂ ಚರ್ಚ್ ನ್ಯಾಯಾಲಯಕ್ಕೆ ಭೂಮಿಯ ಮೇಲೆ ಅಧಿಕಾರ ಬರಲಿಲ್ಲ. ಇದು ಮೇಲ್ನೋಟಕ್ಕೆ ವಕೀಲರ ಸೂಕ್ಷ್ಮದಂತೆ ಕಂಡರೂ ಎಷ್ಟೋ ಉಯಿಲುಗಳು ಏಕೆ ಸಿಗುವುದಿಲ್ಲ ಎಂಬುದಕ್ಕೆ ಕಾರಣ ಇಲ್ಲಿಯೇ ಇದೆ.

ಈ ವ್ಯವಸ್ಥೆ ಎಲ್ಲಿಯವರೆಗೆ ನಡೆಯಿತು?

ಉಯಿಲನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಿಸಿ ಒಪ್ಪಿಗೆ ಪಡೆಯುವುದಕ್ಕೆ ಪ್ರೊಬೇಟ್ ಎಂದು ಹೆಸರು. 1857ರ ಪ್ರೊಬೇಟ್ ನ್ಯಾಯಾಲಯ ಕಾಯಿದೆ ಈ ಅಧಿಕಾರವನ್ನು ಚರ್ಚಿನಿಂದ ಸರ್ಕಾರಕ್ಕೆ ವರ್ಗಾಯಿಸಿತು. 1858ರ ಜನವರಿ 12ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆಲ್ಲ ಒಂದೇ ಪ್ರೊಬೇಟ್ ವ್ಯವಸ್ಥೆಯೂ ವರ್ಷವಾರು ಅಕಾರಾದಿ ಸೂಚಿಯೂ ಬಂದವು. ಆ ದಿನಾಂಕದ ನಂತರದ ಹುಡುಕಾಟ ತೀರ ಸುಲಭ. ಕಷ್ಟವೂ ಸ್ವಾರಸ್ಯವೂ ಇರುವುದು ಅದರ ಹಿಂದಿನ ಐದು ಶತಮಾನಗಳಲ್ಲಿ. ಸ್ಕಾಟ್‌ಲೆಂಡಿನ ಕಾನೂನು ಪೂರ್ತಿ ಬೇರೆ. ಇಲ್ಲಿ ಹೇಳುವ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ.

ಚರ್ಚ್ ನ್ಯಾಯಾಲಯಗಳಲ್ಲಿ ಎಷ್ಟು ಹಂತಗಳಿದ್ದವು? ಯಾವ ಉಯಿಲು ಯಾವ ಹಂತಕ್ಕೆ ಹೋಗುತ್ತಿತ್ತು?

ತೀರ ಕೆಳಗೆ ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರು ಇತ್ತು, ಆದರೆ ಅಲ್ಲಿ ನ್ಯಾಯಾಲಯವಿರಲಿಲ್ಲ. ಹಲವು ಪ್ಯಾರಿಷ್‌ಗಳ ಮೇಲೆ ಒಬ್ಬ ಆರ್ಚ್‌ಡೀಕನ್, ಅವನ ಮೇಲೆ ಧರ್ಮಪ್ರಾಂತ್ಯದ ಬಿಷಪ್, ಬಿಷಪ್ಪರ ಮೇಲೆ ಇಬ್ಬರು ಆರ್ಚ್‌ಬಿಷಪ್ಪರು: ದಕ್ಷಿಣಕ್ಕೂ ವೇಲ್ಸ್‌ಗೂ ಕ್ಯಾಂಟರ್ಬರಿ, ಉತ್ತರಕ್ಕೆ ಯಾರ್ಕ್. ಸತ್ತವನ ಚರಾಸ್ತಿಯೆಲ್ಲ ಒಬ್ಬನೇ ಆರ್ಚ್‌ಡೀಕನ್ನನ ಹದ್ದಿನಲ್ಲಿದ್ದರೆ ಉಯಿಲನ್ನು ಅವನ ನ್ಯಾಯಾಲಯದಲ್ಲಿಯೇ ರುಜುವಾತು ಮಾಡಬಹುದಿತ್ತು. ಒಂದೇ ಧರ್ಮಪ್ರಾಂತ್ಯದ ಎರಡು ಆರ್ಚ್‌ಡೀಕನ್ ಹದ್ದುಗಳಲ್ಲಿ ಹರಡಿದ್ದರೆ ಬಿಷಪ್ಪರ ಕನ್ಸಿಸ್ಟರಿ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಎರಡು ಧರ್ಮಪ್ರಾಂತ್ಯಗಳಲ್ಲಿ ಐದು ಪೌಂಡಿಗಿಂತ ಹೆಚ್ಚಿನ ಸ್ವತ್ತಿದ್ದರೆ, ಅಂದರೆ ವಕೀಲರ ಭಾಷೆಯ ‘ಬೋನಾ ನೋಟಬಿಲಿಯಾ’ ಇದ್ದರೆ, ಆರ್ಚ್‌ಬಿಷಪ್ಪರ ಪ್ರಿರೋಗೆಟಿವ್ ನ್ಯಾಯಾಲಯವೇ ಗತಿ. ಲಂಡನ್ನಿನಲ್ಲಿ ಈ ಮಿತಿ ಹತ್ತು ಪೌಂಡ್. ಎರಡೂ ಆರ್ಚ್‌ಬಿಷಪ್ಪರ ಸೀಮೆಗಳಲ್ಲಿ ಆಸ್ತಿಯಿದ್ದಾಗ ಕ್ಯಾಂಟರ್ಬರಿಯದೇ ಮೇಲುಗೈ. ಸಮುದ್ರದ ಮೇಲೋ ವಿದೇಶದಲ್ಲೋ ಸತ್ತು ಇಂಗ್ಲೆಂಡಿನಲ್ಲಿ ಸ್ವತ್ತು ಬಿಟ್ಟವರ ಕಾಗದಪತ್ರಗಳೂ ಸಾಮಾನ್ಯವಾಗಿ ಅಲ್ಲಿಗೇ ಬರುತ್ತಿದ್ದವು.

ಇದು ನಿಯಮ. ಐದು ಪೌಂಡಿನ ಮಿತಿ ಹದಿನೇಳನೇ ಶತಮಾನದ ಆರಂಭದಲ್ಲಿ ಗೊತ್ತುಮಾಡಿದ್ದು; ಹಣದ ಬೆಲೆ ಇಳಿದರೂ ಅದು ಏರಲಿಲ್ಲ. ಹೀಗಾಗಿ ಕಾಲ ಸರಿದಂತೆ ಸಣ್ಣ ಹಿಡುವಳಿದಾರರ ಉಯಿಲುಗಳೂ ಕ್ಯಾಂಟರ್ಬರಿಗೆ ಹರಿದುಬಂದವು. ಇದಲ್ಲದೆ ಪ್ರತಿಷ್ಠೆಗಾಗಿಯೋ, ಊರಿನವರ ಕಣ್ಣಿಗೆ ಬೀಳದಿರಲೆಂದೋ, ಲಂಡನ್ನಿನ ವಕೀಲನ ಪರಿಚಯವಿದ್ದುದರಿಂದಲೋ ಮೇಲಿನ ನ್ಯಾಯಾಲಯವನ್ನೇ ಆರಿಸಿಕೊಂಡವರಿದ್ದರು. 1812ರ ನಂತರ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನಲ್ಲಿದ್ದ ಸರ್ಕಾರಿ ಸಾಲಪತ್ರಗಳ ವರ್ಗಾವಣೆಗೆ ಕ್ಯಾಂಟರ್ಬರಿಯ ಪ್ರೊಬೇಟನ್ನು ಮಾತ್ರ ಒಪ್ಪುತ್ತಿತ್ತು. ಹತ್ತೊಂಬತ್ತನೇ ಶತಮಾನದ ಮಧ್ಯಮ ವರ್ಗದವರನ್ನು ಹುಡುಕುವಾಗ ಮೊದಲು ಅಲ್ಲಿಯೇ ನೋಡುವುದು ಜಾಣತನ.

ಪ್ಯಾರಿಷ್ ಹೆಸರು ಗೊತ್ತಿದೆ. ಅದಕ್ಕೆ ಸಂಬಂಧಿಸಿದ ನ್ಯಾಯಾಲಯವನ್ನು ತಿಳಿಯುವುದು ಹೇಗೆ?

ಫ್ಯಾಮಿಲಿಸರ್ಚ್ ಎಂಬ ವಂಶಾವಳಿಯ ಜಾಲತಾಣದಲ್ಲಿ 1851ರ ಇಂಗ್ಲೆಂಡಿನ ಆಡಳಿತ ಹದ್ದುಗಳನ್ನು ತೋರಿಸುವ ನಕ್ಷೆಯೊಂದಿದೆ. ಪ್ಯಾರಿಷ್ ಮೇಲೆ ಒತ್ತಿದರೆ ಅದು ಯಾವ ಪ್ರೊಬೇಟ್ ನ್ಯಾಯಾಲಯಕ್ಕೆ ಸೇರಿತ್ತು ಎಂಬುದು ಕಾಣುತ್ತದೆ. ಕೌಂಟಿಯ ಗಡಿಯನ್ನು ನಂಬಿ ಕೂರಬಾರದು, ಏಕೆಂದರೆ ಧರ್ಮಪ್ರಾಂತ್ಯಗಳ ಗಡಿ ಎಷ್ಟೋ ಕಡೆ ಕೌಂಟಿಗಳ ಗಡಿಗೆ ಹೊಂದಿಕೊಳ್ಳುತ್ತಿರಲಿಲ್ಲ. ಲ್ಯಾಂಕಷೈರ್ ಇದಕ್ಕೆ ಒಳ್ಳೆಯ ನಿದರ್ಶನ. ರಿಬಲ್ ನದಿಯ ದಕ್ಷಿಣದ ಊರುಗಳು ನೇರವಾಗಿ ಚೆಸ್ಟರ್ ಕನ್ಸಿಸ್ಟರಿಗೆ ಸೇರಿದರೆ, ಉತ್ತರ ಭಾಗ ರಿಚ್ಮಂಡ್ ಆರ್ಚ್‌ಡೀಕನ್ನನದು. ಚೆಸ್ಟರಿನಲ್ಲಿ ನಲವತ್ತು ಪೌಂಡಿಗಿಂತ ಕಡಿಮೆ ಬೆಲೆಯ ಸ್ವತ್ತಿನ ಉಯಿಲುಗಳನ್ನು ‘ಇನ್ಫ್ರಾ’ ಎಂದು, ಮೇಲಿನವನ್ನು ‘ಸುಪ್ರಾ’ ಎಂದು ಬೇರೆ ಬೇರೆ ಕಟ್ಟಿಡುತ್ತಿದ್ದರು. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟವರು ಬಡ ಪೂರ್ವಜನನ್ನು ಕಳೆದುಕೊಳ್ಳುತ್ತಾರೆ.

ಇದಕ್ಕಿಂತ ತೊಡಕಿನವು ‘ಪೆಕ್ಯೂಲಿಯರ್’ಗಳು. ಸುತ್ತಲಿನ ಬಿಷಪ್ಪನಿಗೆ ಒಳಪಡದೆ ಬೇರೊಬ್ಬರ ಅಧಿಕಾರದಲ್ಲಿದ್ದ ಪ್ಯಾರಿಷ್‌ಗಳಿವು. ಆ ಬೇರೊಬ್ಬರು ದೂರದ ಕ್ಯಾಥೆಡ್ರಲ್ಲಿನ ಡೀನ್ ಆಗಿರಬಹುದು, ಇನ್ನೊಂದು ಧರ್ಮಪ್ರಾಂತ್ಯದ ಬಿಷಪ್ ಆಗಿರಬಹುದು, ಕೆಲವೆಡೆ ಊರಿನ ಜಮೀನುದಾರನೇ ಆಗಿರಬಹುದು. ಬಿಷಪ್ ತನ್ನ ಸೀಮೆಯ ತಪಾಸಣೆಗೆ ಹೊರಟ ತಿಂಗಳುಗಳಲ್ಲಿ ಕೆಳಗಿನ ನ್ಯಾಯಾಲಯಗಳ ಅಧಿಕಾರ ತಾತ್ಕಾಲಿಕವಾಗಿ ಸ್ಥಗಿತಗೊಂಡು ಎಲ್ಲ ಉಯಿಲುಗಳೂ ಅವನಲ್ಲಿಗೇ ಹೋಗುತ್ತಿದ್ದವು. ಬಿಷಪ್ ಸತ್ತು ಪೀಠ ಖಾಲಿಯಿದ್ದಾಗ ಅಧಿಕಾರ ಇನ್ನೂ ಬೇರೆಯವರ ಕೈಸೇರುತ್ತಿತ್ತು. ಒಂದು ನ್ಯಾಯಾಲಯದ ಸೂಚಿಯಲ್ಲಿ ಕೆಲವು ತಿಂಗಳು ಒಂದೂ ಉಯಿಲಿಲ್ಲದೆ ಖಾಲಿ ಕಂಡರೆ ಕಡತ ಕಳೆದುಹೋಗಿದೆ ಎಂದುಕೊಳ್ಳುವ ಮೊದಲು ಮೇಲಿನ ಮೆಟ್ಟಿಲನ್ನು ನೋಡಬೇಕು.

ಕ್ಯಾಂಟರ್ಬರಿ ಪ್ರಿರೋಗೆಟಿವ್ ನ್ಯಾಯಾಲಯದ ಉಯಿಲುಗಳು ಎಲ್ಲಿವೆ?

ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ. ಅಲ್ಲಿನ ‘ಪ್ರೊಬ್ 11’ ಎಂಬ ಸರಣಿಯಲ್ಲಿ 1384ರಿಂದ 1858ರವರೆಗಿನ ರಿಜಿಸ್ಟರ್ ಪ್ರತಿಗಳಿವೆ. ಇವುಗಳ ಸೂಚಿಯನ್ನು ಆರ್ಕೈವ್ಸ್‌ನ ತಾಣದಲ್ಲಿ ಹೆಸರು, ಊರು, ಉದ್ಯೋಗ, ದಿನಾಂಕಗಳ ಮೂಲಕ ಉಚಿತವಾಗಿ ಹುಡುಕಬಹುದು. ಗುಮಾಸ್ತನು ಮೂಲ ಉಯಿಲನ್ನು ದೊಡ್ಡ ಪುಸ್ತಕಕ್ಕೆ ಇಳಿಸಿಕೊಂಡ ನಕಲು ಇದು. ಆದ್ದರಿಂದ ಇಲ್ಲಿ ಕಾಣುವ ಸಹಿ ಉಯಿಲು ಬರೆಸಿದವನದಲ್ಲ. ಅವನ ಕೈಬರಹ, ಮೊಹರು, ಹೆಬ್ಬೆಟ್ಟಿನ ಬದಲು ಹಾಕಿದ ಗುರುತು ಇವನ್ನೆಲ್ಲ ನೋಡಬೇಕಾದರೆ ‘ಪ್ರೊಬ್ 10’ ಸರಣಿಯ ಮೂಲ ಪ್ರತಿಗೆ ಹೋಗಬೇಕು. ನಕಲಿನಲ್ಲಿ ಗುಮಾಸ್ತನ ಕಣ್ತಪ್ಪಿನಿಂದ ಹೆಸರು ಬದಲಾಗಿರುವುದುಂಟು, ಇಡೀ ಸಾಲು ಬಿಟ್ಟುಹೋಗಿರುವುದೂ ಉಂಟು.

ಹಳೆಯ ಪುಸ್ತಕಗಳಲ್ಲಿ ‘59 ಕೋಪ್’ ಎಂಬಂಥ ಉಲ್ಲೇಖ ಕಂಡರೆ ಗಾಬರಿ ಬೇಡ. ಆ ರಿಜಿಸ್ಟರುಗಳಿಗೆ ಅವುಗಳಲ್ಲಿನ ಒಬ್ಬ ಪ್ರಮುಖ ಉಯಿಲುದಾರನ ಹೆಸರಿಡುವ ಪದ್ಧತಿಯಿತ್ತು. ಸಂಖ್ಯೆ ಅದರೊಳಗಿನ ಹಾಳೆಗಳ ಕಟ್ಟಿನದು. 59 ಕೋಪ್ ಎಂದರೆ 1616ರ ರಿಜಿಸ್ಟರು, ಅಲ್ಲಿರುವುದು ವಿಲಿಯಂ ಶೇಕ್ಸ್‌ಪಿಯರನ ಉಯಿಲು.

ಶೇಕ್ಸ್‌ಪಿಯರನ ಉಯಿಲನ್ನು ಉದಾಹರಣೆಯಾಗಿ ಓದಿ ತೋರಿಸಬಹುದೇ?

ಅದಕ್ಕಿಂತ ಒಳ್ಳೆಯ ಪಾಠ ಬೇರೆಯಿಲ್ಲ, ಏಕೆಂದರೆ ಮೂಲವೂ ರಿಜಿಸ್ಟರ್ ಪ್ರತಿಯೂ ಎರಡೂ ಉಳಿದಿವೆ. ಮೂಲ ಮೂರು ಹಾಳೆಗಳದು, ಮೂರರಲ್ಲಿಯೂ ಸಹಿಯಿದೆ. ತಲೆಬರಹದಲ್ಲಿ ಮೊದಲು ಜನವರಿ ಎಂದು ಬರೆದು, ಅದನ್ನು ಹೊಡೆದುಹಾಕಿ ಮಾರ್ಚ್ ಎಂದು ತಿದ್ದಿದ್ದಾರೆ; 1616ರ ಮಾರ್ಚ್ 25 ಎಂಬುದು ತಿದ್ದಿದ ನಂತರದ ದಿನಾಂಕ. ಬಡವರಿಗೆ ಹತ್ತು ಪೌಂಡ್, ಥಾಮಸ್ ಕೂಂಬ್ ಎಂಬಾತನಿಗೆ ತನ್ನ ಕತ್ತಿ, ಕಿರಿಯ ಮಗಳು ಜೂಡಿತ್‌ಗೆ ಹಣ, ಹಿರಿಯ ಮಗಳು ಸುಸಾನಾಗೆ ಮನೆ ಮತ್ತು ಜಮೀನು. ಲಂಡನ್ನಿನ ಮೂವರು ಸಹನಟರಾದ ಹೆಮಿಂಜಸ್, ಬರ್ಬೇಜ್, ಕಾಂಡೆಲ್ ಅವರಿಗೆ ನೆನಪಿನ ಉಂಗುರ ಕೊಳ್ಳಲು ತಲಾ 26 ಷಿಲಿಂಗ್ 8 ಪೆನ್ಸ್ ಕೊಡಬೇಕೆಂಬ ಮಾತು ಸಾಲುಗಳ ನಡುವೆ ಸೇರಿಸಿದ್ದು. ಹೆಂಡತಿಗೆ ‘ನನ್ನ ಎರಡನೆಯ ಉತ್ತಮ ಹಾಸಿಗೆ’ ಎಂಬ ಪ್ರಸಿದ್ಧ ಸಾಲೂ ಹಾಗೆಯೇ ನಡುವೆ ತುರುಕಿದ್ದು. ರಿಜಿಸ್ಟರ್ ಪ್ರತಿಯಲ್ಲಿ ಇವೆಲ್ಲ ಒಂದೇ ಸಮನೆ ಹರಿಯುವ ಪಠ್ಯವಾಗಿಬಿಡುತ್ತವೆ. ಯಾವುದು ಮೊದಲು ಹೊಳೆದದ್ದು, ಯಾವುದು ಆಮೇಲೆ ನೆನಪಾದದ್ದು ಎಂಬುದು ಮೂಲದಲ್ಲಿ ಮಾತ್ರ ಕಾಣುತ್ತದೆ.

ಹಾಸಿಗೆಯ ಸಾಲನ್ನು ಹಿಡಿದು ದಂಪತಿಗಳ ನಡುವೆ ಮನಸ್ತಾಪವಿತ್ತೆಂದು ತೀರ್ಪು ಕೊಡುವವರ ಬಗ್ಗೆ ಒಂದು ಮಾತು. ವಿಧವೆಗೆ ಗಂಡನ ಭೂಮಿಯಲ್ಲಿ ಮೂರನೇ ಒಂದು ಭಾಗದ ಆದಾಯವನ್ನು ಸಾಮಾನ್ಯವಾಗಿ ಕಾನೂನೇ ಕೊಡುತ್ತಿತ್ತು, ಮತ್ತು ಕಾನೂನು ಕೊಡುವುದನ್ನು ಉಯಿಲಿನಲ್ಲಿ ಬರೆಯಬೇಕಾಗಿರಲಿಲ್ಲ. ಉಯಿಲು ಮೌನವಾಗಿರುವ ಕಡೆ ಪ್ರೀತಿ ಇರಲಿಲ್ಲವೆಂದು ಹೇಳಲು ಉಯಿಲೊಂದೇ ಸಾಲದು.

ಇನ್ನು ನ್ಯಾಯಾಲಯದ ವಿಷಯ. ಶೇಕ್ಸ್‌ಪಿಯರನ ಸ್ಟ್ರಾಟ್‌ಫರ್ಡ್ ಊರಿಗೆ ತನ್ನದೇ ಪೆಕ್ಯೂಲಿಯರ್ ನ್ಯಾಯಾಲಯವಿತ್ತು, ಅದರ ಸುತ್ತ ವೂಸ್ಟರ್ ಬಿಷಪ್ಪನ ಧರ್ಮಪ್ರಾಂತ್ಯ. ಆದರೆ ಅಳಿಯ ಜಾನ್ ಹಾಲ್ ಉಯಿಲನ್ನು ಜೂನ್ 22ರಂದು ರುಜುವಾತು ಮಾಡಿದ್ದು ಲಂಡನ್ನಿನಲ್ಲಿ, ಕ್ಯಾಂಟರ್ಬರಿ ನ್ಯಾಯಾಲಯದ ಮುಂದೆ. ಊರಿನ ನ್ಯಾಯಾಲಯದಲ್ಲಿ ಮಾತ್ರ ಹುಡುಕಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಉಯಿಲಿನ ಕೊನೆಯಲ್ಲಿ ಸ್ವತ್ತಿನ ಪಟ್ಟಿಯನ್ನು ಹಾಜರುಪಡಿಸಲಾಗಿದೆ ಎಂದು ಲ್ಯಾಟಿನ್ ಟಿಪ್ಪಣಿಯೂ ಇದೆ. ಆ ಪಟ್ಟಿ ಉಳಿದಿಲ್ಲ. 1660ಕ್ಕೆ ಮುಂಚಿನ ಆ ನ್ಯಾಯಾಲಯದ ಪಟ್ಟಿಗಳಲ್ಲಿ ಕೆಲವನ್ನು ಬಿಟ್ಟರೆ ಉಳಿದವು ನಾಶವಾಗಿವೆ.

ಉತ್ತರ ಇಂಗ್ಲೆಂಡಿನ ಮತ್ತು ವೇಲ್ಸ್‌ನ ದಾಖಲೆಗಳು?

ಯಾರ್ಕ್ ಆರ್ಚ್‌ಬಿಷಪ್ಪನ ನ್ಯಾಯಾಲಯಗಳ ಉಯಿಲುಗಳು 1389ರಿಂದ ಮುಂದಕ್ಕೆ ಯಾರ್ಕ್ ವಿಶ್ವವಿದ್ಯಾಲಯದ ಬಾರ್ಥ್‌ವಿಕ್ ಸಂಸ್ಥೆಯಲ್ಲಿವೆ. ಡರ್ಹ್ಯಾಮ್ ಧರ್ಮಪ್ರಾಂತ್ಯದವು ಡರ್ಹ್ಯಾಮ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸೂಚಿ ಸಮೇತ ಇವೆ. ವೇಲ್ಸ್‌ನ ಧರ್ಮಪ್ರಾಂತ್ಯಗಳ ನ್ಯಾಯಾಲಯಗಳಲ್ಲಿ ರುಜುವಾತಾದ ಉಯಿಲುಗಳು ಅಬೆರಿಸ್ಟ್ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದು, ಅವುಗಳ ಚಿತ್ರಗಳನ್ನು ಯಾರು ಬೇಕಾದರೂ ಬಿಡಿಗಾಸು ಕೊಡದೆ ನೋಡಬಹುದು. ಹಳೆಯ ಕೈಬರಹ ಓದುವ ಅಭ್ಯಾಸ ಮಾಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಗರಡಿಮನೆ ಇಲ್ಲ. ಉಳಿದ ಧರ್ಮಪ್ರಾಂತ್ಯಗಳ ಕಡತಗಳು ಬಹುತೇಕ ಆಯಾ ಕೌಂಟಿಯ ದಾಖಲೆ ಕಚೇರಿಗಳಲ್ಲಿವೆ: ನಾರಿಚ್‌ನವು ನಾರ್ಫೋಕ್‌ನಲ್ಲಿ, ಲಿಂಕನ್ನಿನವು ಲಿಂಕನ್‌ಷೈರಿನಲ್ಲಿ, ಹೀಗೆ.

1653ರಿಂದ 1660ರ ನಡುವೆ ನಮ್ಮ ಊರಿನ ನ್ಯಾಯಾಲಯದಲ್ಲಿ ಒಂದೂ ಉಯಿಲಿಲ್ಲ. ಏಕೆ?

ಅಂತರ್ಯುದ್ಧದಲ್ಲಿ ರಾಜನೂ ಸೋತ, ಬಿಷಪ್ಪರೂ ಹೋದರು. 1653ರಲ್ಲಿ ಪ್ರೊಬೇಟ್ ಅಧಿಕಾರವನ್ನು ಲಂಡನ್ನಿನ ಒಂದೇ ಸರ್ಕಾರಿ ನ್ಯಾಯಾಲಯಕ್ಕೆ ವಹಿಸಲಾಯಿತು. ಎರಡನೇ ಚಾರ್ಲ್ಸ್ ಮರಳಿ ಬಂದ 1660ರವರೆಗೆ ಇಡೀ ದೇಶದ ಉಯಿಲುಗಳು ಅಲ್ಲಿಗೆ ಹೋದವು. ಆ ದಾಖಲೆಗಳೆಲ್ಲ ಈಗ ಕ್ಯಾಂಟರ್ಬರಿಯ ಪ್ರೊಬ್ 11 ಸರಣಿಯೊಳಗೇ ಸೇರಿವೆ. ದೂರದ ಕಾರಣಕ್ಕೆ ಹೋಗದೆ ಸುಮ್ಮನಿದ್ದು 1660ರ ನಂತರ ಊರಿನಲ್ಲೇ ರುಜುವಾತು ಮಾಡಿಸಿದವರೂ ಇದ್ದಾರೆ.

ಡೆವನ್ ಮತ್ತು ಸಾಮರ್ಸೆಟ್‌ನ ಉಯಿಲುಗಳು ಸುಟ್ಟುಹೋದವೆಂದು ಕೇಳಿದ್ದೇವೆ.

ನಿಜ. 1942ರ ಮೇ ತಿಂಗಳ ಜರ್ಮನ್ ಬಾಂಬ್ ದಾಳಿಯಲ್ಲಿ ಎಕ್ಸೆಟರಿನ ಪ್ರೊಬೇಟ್ ಕಚೇರಿಯ ಜೊತೆಗೆ ಈ ಎರಡು ಕೌಂಟಿಗಳ ಬಹುಪಾಲು ಉಯಿಲುಗಳು ಬೂದಿಯಾದವು. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. 1796ರಿಂದ ವಾರಸು ಆಸ್ತಿಗೆ ತೆರಿಗೆ ಬಂದಿತ್ತು, ಆ ತೆರಿಗೆ ಕಚೇರಿ ತನ್ನ ಲೆಕ್ಕಕ್ಕಾಗಿ ಉಯಿಲುಗಳ ನಕಲು ತರಿಸಿಕೊಳ್ಳುತ್ತಿತ್ತು. 1812ರಿಂದ 1857ರವರೆಗಿನ ಆ ನಕಲುಗಳನ್ನು ಆಮೇಲೆ ಈ ಪ್ರದೇಶದ ದಾಖಲೆ ಕಚೇರಿಗಳಿಗೆ ಕೊಡಲಾಗಿದೆ. ತೆರಿಗೆಯ ರಿಜಿಸ್ಟರುಗಳು ‘ಐಆರ್ 26’ ಸರಣಿಯಾಗಿ ಕ್ಯೂನಲ್ಲಿವೆ. ಕ್ಯಾಂಟರ್ಬರಿಗೆ ಹೋದ ಡೆವನ್ ಶ್ರೀಮಂತರ ಉಯಿಲುಗಳಿಗೂ ಬೆಂಕಿ ತಗಲಲಿಲ್ಲ. ಕಳೆದುಕೊಂಡದ್ದು ಹೆಚ್ಚಾಗಿ ಸಾಮಾನ್ಯ ರೈತರ, ಕುಶಲಕರ್ಮಿಗಳ ಹಳೆಯ ಕಾಗದಗಳನ್ನು.

ಈ ತೆರಿಗೆ ರಿಜಿಸ್ಟರುಗಳು ಉಳಿದ ಕೌಂಟಿಗಳಲ್ಲಿ ಹುಡುಕುವವರಿಗೂ ದೊಡ್ಡ ಸಹಾಯ. ಆಸ್ತಿಯಲ್ಲಿ ಕೊನೆಗೆ ಯಾರಿಗೆ ಎಷ್ಟು ಸಂದಿತು, ಫಲಾನುಭವಿಗೂ ಸತ್ತವನಿಗೂ ಏನು ನಂಟು ಎಂಬುದನ್ನು ತೆರಿಗೆಯವರು ಬರೆದಿಟ್ಟಿದ್ದಾರೆ. ಉಯಿಲು ಆಸೆಯನ್ನು ಹೇಳಿದರೆ ಇವು ಆದದ್ದನ್ನು ಹೇಳುತ್ತವೆ. ಉಯಿಲು ಯಾವ ನ್ಯಾಯಾಲಯದಲ್ಲಿ ರುಜುವಾತಾಯಿತು ಎಂಬುದನ್ನೂ ಇವು ಸೂಚಿಸುತ್ತವೆ.

ಎಲ್ಲ ನ್ಯಾಯಾಲಯಗಳನ್ನೂ ಹುಡುಕಿದೆ, ಉಯಿಲು ಇಲ್ಲ. ಹಾಗಾದರೆ?

ಮೊದಲು ಆಡಳಿತಪತ್ರಗಳನ್ನು ನೋಡಬೇಕು. ಉಯಿಲು ಬರೆಯದೆ ಸತ್ತವರ ಚರಾಸ್ತಿಯನ್ನು ಹಂಚುವ ಅಧಿಕಾರವನ್ನು ಅದೇ ನ್ಯಾಯಾಲಯ ವಿಧವೆಗೋ ಹತ್ತಿರದ ಬಂಧುವಿಗೋ ಕೊಡುತ್ತಿತ್ತು. ಕ್ಯಾಂಟರ್ಬರಿಯಲ್ಲಿ ಇವುಗಳ ದಾಖಲೆ 1559ರಿಂದ ‘ಪ್ರೊಬ್ 6’ ಸರಣಿಯಲ್ಲಿದೆ. ಆಡಳಿತಪತ್ರದಲ್ಲಿ ಮಕ್ಕಳ ಹೆಸರುಗಳೆಲ್ಲ ಇರುವುದಿಲ್ಲ, ಆದರೆ ವಿಧವೆಯ ಹೆಸರು, ಜಾಮೀನು ನಿಂತವರ ಹೆಸರು ಮತ್ತು ಊರು ಸಿಗುತ್ತವೆ. ಜಾಮೀನು ನಿಲ್ಲುವವರು ಹೆಚ್ಚಾಗಿ ಬಂಧುಗಳೇ.

ಎರಡನೆಯ ಸಾಧ್ಯತೆ, ಆಸ್ತಿ ಭೂಮಿಯ ರೂಪದಲ್ಲಿ ಮಾತ್ರ ಇದ್ದದ್ದು. ಭೂಮಿಯನ್ನಷ್ಟೇ ಬಿಟ್ಟ ಉಯಿಲಿಗೆ ಚರ್ಚಿನ ಪ್ರೊಬೇಟ್ ಬೇಕಿರಲಿಲ್ಲ. ಅದು ಕ್ರಯಪತ್ರಗಳ ಜೊತೆ ಮನೆತನದ ಪೆಟ್ಟಿಗೆಯಲ್ಲಿ ಉಳಿದಿರಬಹುದು. ‘ಕಾಪಿಹೋಲ್ಡ್’ ಎಂಬ ಹಿಡುವಳಿಯ ಜಮೀನಾದರೆ ಕೈಬದಲಾದದ್ದು ಊರಿನ ಮ್ಯಾನರ್ ನ್ಯಾಯಾಲಯದಲ್ಲಿ, ಅಂದರೆ ಜಮೀನುದಾರನ ನ್ಯಾಯಾಲಯದಲ್ಲಿ, ಆ ಸುರುಳಿಗಳಲ್ಲಿ ಉಯಿಲಿನ ಸಾರಾಂಶ ಬರೆದಿರುವುದೂ ಉಂಟು.

ಮೂರನೆಯದು, ಹುಡುಕುತ್ತಿರುವುದು ವಿವಾಹಿತ ಸ್ತ್ರೀಯನ್ನಾದರೆ ಉಯಿಲು ಇಲ್ಲದಿರುವುದೇ ಸಹಜ. ಮದುವೆಯಾದೊಡನೆ ಅವಳ ಚರಾಸ್ತಿ ಗಂಡನದಾಗುತ್ತಿತ್ತು, ಅವನ ಒಪ್ಪಿಗೆಯಿಲ್ಲದೆ ಅವಳು ಉಯಿಲು ಬರೆಯುವಂತಿರಲಿಲ್ಲ. ಈ ಸ್ಥಿತಿ ಬದಲಾದದ್ದು 1882ರ ಕಾಯಿದೆಯಿಂದ. ಆದರೆ ವಿಧವೆಯರ ಮತ್ತು ಅವಿವಾಹಿತ ಸ್ತ್ರೀಯರ ಉಯಿಲುಗಳು ಹೇರಳವಾಗಿವೆ. ವಂಶಾವಳಿಗೆ ಗಂಡಸರ ಉಯಿಲುಗಳಿಗಿಂತ ಇವೇ ಹೆಚ್ಚು ಉಪಕಾರಿ ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಲ್ಲದ ಅತ್ತೆಯೊಬ್ಬಳು ಚಮಚ, ಲಂಗ, ಬೈಬಲ್ಲುಗಳನ್ನು ಹಂಚುತ್ತಾ ಸೋದರಳಿಯಂದಿರು, ಅವರ ಹೆಂಡಿರು, ಮಕ್ಕಳು ಎಲ್ಲರನ್ನೂ ಹೆಸರಿಟ್ಟು ಕರೆಯುತ್ತಾಳೆ.

ಇವಾವೂ ಅಲ್ಲದಿದ್ದರೆ, ರುಜುವಾತಿನ ಖರ್ಚಿಗೆ ಹೆದರಿ ಮನೆಯವರೇ ಮಾತನಾಡಿಕೊಂಡು ಹಂಚಿಕೊಂಡಿರಬಹುದು. ಸತ್ತು ಇಪ್ಪತ್ತು ವರ್ಷಗಳ ನಂತರ, ಯಾವುದೋ ಸಾಲಪತ್ರದ ವಸೂಲಿಗೆ ಬೇಕಾಗಿ, ಪ್ರೊಬೇಟ್ ಪಡೆದ ಸಂದರ್ಭಗಳೂ ಇರುವುದರಿಂದ ಸೂಚಿಯಲ್ಲಿ ಮುಂದಿನ ಎರಡು ಮೂರು ದಶಕಗಳನ್ನೂ ನೋಡಬೇಕು.

ದಿನಾಂಕಗಳು ಹೊಂದುತ್ತಿಲ್ಲ. ಉಯಿಲು ಬರೆದ ಒಂದು ವರ್ಷದ ಮೇಲೆ ಸತ್ತರೇ?

ಇರಬಹುದು, ಆದರೆ ಮೊದಲು ಹೊಸವರ್ಷ ಯಾವಾಗ ಎಂದು ನೋಡಿ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ರಂದು. 1650ರ ಮಾರ್ಚ್ 20ರಂದು ಬರೆದು 1651ರ ಏಪ್ರಿಲ್ 4ರಂದು ರುಜುವಾತಾದ ಉಯಿಲಿನ ನಡುವಿನ ಅಂತರ ಒಂದು ವರ್ಷವಲ್ಲ, ಹದಿನೈದೇ ದಿನ. ಈ ಒಂದು ಸಂಗತಿ ಮರೆತು ತಾಯಿ ಸತ್ತ ಮೇಲೆ ಮಗು ಹುಟ್ಟಿತೆಂದು ತೋರಿಸುವ ವಂಶವೃಕ್ಷಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಕೆಲವು ಉಯಿಲುಗಳಲ್ಲಿ ಇಸವಿಯ ಬದಲು ರಾಣಿ ಎಲಿಜಬೆತ್ತಳ ಆಳ್ವಿಕೆಯ ಇಂತಿಷ್ಟನೆಯ ವರ್ಷ ಎಂದಿರುತ್ತದೆ. ಅದನ್ನು ಇಸವಿಗೆ ಇಳಿಸಿಕೊಳ್ಳಬೇಕು.

ಲ್ಯಾಟಿನ್ ಬರದಿದ್ದರೆ ಓದಲು ಸಾಧ್ಯವೇ?

ಸಾಧ್ಯ. ಹದಿನಾರನೇ ಶತಮಾನದಿಂದ ಉಯಿಲಿನ ಒಡಲು ಬಹುತೇಕ ಇಂಗ್ಲಿಷಿನಲ್ಲೇ ಇದೆ. ಕೆಳಗಿನ ರುಜುವಾತಿನ ಷರಾ ಮಾತ್ರ 1733ರವರೆಗೆ, 1660ಕ್ಕೆ ಮುಂಚಿನ ರಾಜನಿಲ್ಲದ ಗಣರಾಜ್ಯದ ವರ್ಷಗಳನ್ನು ಬಿಟ್ಟು, ಲ್ಯಾಟಿನ್ನಿನಲ್ಲಿದೆ. ಅದು ಒಂದೇ ಅಚ್ಚಿನ ವಾಕ್ಯವಾದ್ದರಿಂದ ದಿನಾಂಕ, ಉಯಿಲನ್ನು ಜಾರಿಗೆ ತರುವ ನಿರ್ವಾಹಕನ ಹೆಸರು, ಅವನು ಮಗನೋ ವಿಧವೆಯೋ ಎಂಬ ಪದ ಇಷ್ಟನ್ನು ಹೆಕ್ಕಲು ಕಲಿತರೆ ಸಾಕು. ನಿಜವಾದ ತೊಡಕು ‘ಸೆಕ್ರೆಟರಿ’ ಎಂಬ ಹಳೆಯ ಕೈಬರಹದ್ದು. ಹೆಚ್ಚಿನ ಉಯಿಲುಗಳು ‘ದೇವರ ಹೆಸರಿನಲ್ಲಿ, ಆಮೆನ್’ ಎಂದು ತೊಡಗಿ, ದೇಹ ಅಸ್ವಸ್ಥವಾಗಿದ್ದರೂ ನೆನಪು ಸ್ವಸ್ಥವಾಗಿದೆ ಎಂಬ ಮಾತಿಗೆ ಬರುತ್ತವೆ. ಗೊತ್ತಿರುವ ಈ ಸಾಲುಗಳಿಂದ ಆ ಬರಹಗಾರನ ಅಕ್ಷರಗಳ ಪಟ್ಟಿ ಮಾಡಿಕೊಂಡು ಮುಂದಕ್ಕೆ ಹೋಗಬೇಕು. ಹಣದ ಲೆಕ್ಕ ರೋಮನ್ ಅಂಕಿಗಳಲ್ಲಿರುತ್ತದೆ: ಪೌಂಡಿಗೆ ಇಪ್ಪತ್ತು ಷಿಲಿಂಗ್, ಷಿಲಿಂಗಿಗೆ ಹನ್ನೆರಡು ಪೆನ್ಸ್. ಆಣೆ, ಪೈಗಳ ಲೆಕ್ಕ ಕಂಡ ಮನೆಯ ಹಿರಿಯರಿಗೆ ಇದು ಹೊಸತೆನಿಸದು.

ಹಿರಿಯ ಮಗನಿಗೆ ಒಂದೇ ಷಿಲಿಂಗ್ ಕೊಟ್ಟಿದ್ದಾನೆ. ಅಪ್ಪ ಮಗನಿಗೆ ಜಗಳವಿತ್ತೇ?

ಹಾಗೆಂದು ತೀರ್ಮಾನಿಸಲು ಬರುವುದಿಲ್ಲ. ಹಿರಿಯ ಮಗನಿಗೆ ಭೂಮಿ ಕಾನೂನಿನಿಂದಲೇ ಹೋಗುತ್ತಿತ್ತು, ಅಥವಾ ಮದುವೆಯ ಕಾಲದಲ್ಲೇ ಪಾಲು ಸಂದಿರುತ್ತಿತ್ತು. ಮರೆತು ಬಿಟ್ಟಿಲ್ಲ ಎಂದು ತೋರಿಸಲು ಮಾತ್ರ ಆ ಷಿಲಿಂಗ್. ಹೆಸರೇ ಇಲ್ಲದ ಮಗ ಸತ್ತಿದ್ದಾನೆಂದೂ ತಿಳಿಯಬಾರದು. ಯಾರ್ಕ್ ಸೀಮೆಯಲ್ಲಿ 1692ರವರೆಗೆ ಹೆಂಡತಿಗೆ ಮೂರನೇ ಒಂದು, ಮಕ್ಕಳಿಗೆ ಮೂರನೇ ಒಂದು ಭಾಗ ಪದ್ಧತಿಯಂತೆ ಸಲ್ಲುತ್ತಿತ್ತು. ಉಯಿಲಿನ ಮಾತು ನಡೆಯುತ್ತಿದ್ದುದು ಉಳಿದ ಮೂರನೇ ಭಾಗದ ಮೇಲೆ ಮಾತ್ರ. ನಂಟಿನ ಪದಗಳಲ್ಲಿಯೂ ಎಚ್ಚರ ಬೇಕು: ‘ಕಸಿನ್’ ಎಂದರೆ ಅಣ್ಣನ ಮಗನಿರಬಹುದು, ‘ಸನ್-ಇನ್-ಲಾ’ ಎಂದರೆ ಹೆಂಡತಿಯ ಮೊದಲ ಮದುವೆಯ ಮಗನಿರಬಹುದು.

ಸ್ವತ್ತಿನ ಪಟ್ಟಿಯಲ್ಲಿ ಏನಿರುತ್ತದೆ?

1529ರ ಕಾಯಿದೆಯಂತೆ ನಿರ್ವಾಹಕನು ಸತ್ತವನ ಚರಾಸ್ತಿಯ ಪಟ್ಟಿಯನ್ನು ಒಪ್ಪಿಸಬೇಕಿತ್ತು. ಹದಿನೆಂಟನೇ ಶತಮಾನದ ನಡುವಿನವರೆಗೆ ಇದು ಸಾಮಾನ್ಯ ರೂಢಿ. ನೆರೆಹೊರೆಯ ಇಬ್ಬರು ಮೂವರು ಮನೆಗೆ ಬಂದು, ಕೋಣೆಯಿಂದ ಕೋಣೆಗೆ ನಡೆದು, ಕಂಡದ್ದಕ್ಕೆಲ್ಲ ಬೆಲೆ ಕಟ್ಟುತ್ತಿದ್ದರು: ತೊಟ್ಟ ಬಟ್ಟೆ ಮತ್ತು ಚೀಲದ ಹಣ, ಹಜಾರದ ಮೇಜು, ಗರಿಯ ಹಾಸಿಗೆ, ಹಿತ್ತಾಳೆಯ ಕಡಾಯಿ, ಅಟ್ಟದ ಮೇಲಿನ ಗಿಣ್ಣು, ಕೊಟ್ಟಿಗೆಯ ಹಸುಗಳು, ಹೊಲದಲ್ಲಿ ನಿಂತ ಬಾರ್ಲಿ, ಕೊನೆಗೆ ಬರಬೇಕಾದ ಸಾಲ. ಓದುತ್ತಾ ಹೋದಂತೆ ಮನೆಯ ನಕ್ಷೆಯೇ ಕಣ್ಣಿಗೆ ಕಟ್ಟುತ್ತದೆ. ಭೂಮಿ ಮಾತ್ರ ಇದರಲ್ಲಿಲ್ಲ, ಕೊಡಬೇಕಾದ ಸಾಲವೂ ಸಾಮಾನ್ಯವಾಗಿ ಇಲ್ಲ. ಆದ್ದರಿಂದ ಕೊನೆಯ ಮೊತ್ತವನ್ನು ನೋಡಿ ಶ್ರೀಮಂತನೋ ಬಡವನೋ ಎಂದು ಅಳೆಯುವುದು ಸರಿಯಲ್ಲ.

ಸಾಕ್ಷಿಗಳ ಸಹಿಯಿಲ್ಲದ ಉಯಿಲು ಊರ್ಜಿತವಾಗುತ್ತಿತ್ತೇ?

1838ಕ್ಕೆ ಮುಂಚೆ ಚರಾಸ್ತಿಯ ಮಟ್ಟಿಗೆ ಆಗುತ್ತಿತ್ತು. ಲೇಖಕಿ ಜೇನ್ ಆಸ್ಟೆನ್ 1817ರ ಏಪ್ರಿಲ್ 27ರಂದು ಸ್ವಂತ ಕೈಯಿಂದ ಬರೆದ ಚಿಕ್ಕ ಉಯಿಲಿಗೆ ಒಬ್ಬ ಸಾಕ್ಷಿಯೂ ಇರಲಿಲ್ಲ. ಒಬ್ಬ ಸೋದರನಿಗೂ ಒಬ್ಬ ಮಹಿಳೆಗೂ ತಲಾ ಐವತ್ತು ಪೌಂಡ್ ಬಿಟ್ಟು ಉಳಿದದ್ದೆಲ್ಲ ಅಕ್ಕ ಕಸಾಂಡ್ರಾಗೆ. ಅದು ಅವಳದೇ ಕೈಬರಹವೆಂದು ಪರಿಚಯಸ್ಥರು ಪ್ರಮಾಣ ಮಾಡಿದ ಮೇಲೆ ಸೆಪ್ಟೆಂಬರ್ 10ರಂದು ಕ್ಯಾಂಟರ್ಬರಿ ನ್ಯಾಯಾಲಯ ಒಪ್ಪಿತು. ಬಾಯಿಮಾತಿನ ಉಯಿಲುಗಳೂ ಇದ್ದವು: ಮರಣಶಯ್ಯೆಯಲ್ಲಿ ಹೇಳಿದ್ದನ್ನು ಕೇಳಿದವರು ಆಮೇಲೆ ಬರೆಸಿದ್ದು. 1677ರ ಕಾಯಿದೆ ಇವಕ್ಕೆ ಕಡಿವಾಣ ಹಾಕಿತು. 1837ರ ಉಯಿಲು ಕಾಯಿದೆ, ಯುದ್ಧದಲ್ಲಿರುವ ಸೈನಿಕರು ಮತ್ತು ನಾವಿಕರನ್ನು ಬಿಟ್ಟು, ಉಳಿದವರಿಗೆ ಇದನ್ನು ನಿಲ್ಲಿಸಿತು.

ಉಯಿಲಿನ ಬಗ್ಗೆ ತಕರಾರಾಗಿದ್ದರೆ?

ಹುಡುಕುವವರ ಪುಣ್ಯ. ವಿಚಾರಣೆಯಲ್ಲಿ ಪ್ರತಿಯೊಬ್ಬ ಸಾಕ್ಷಿಯೂ ತನ್ನ ವಯಸ್ಸು, ಕಸುಬು, ಹುಟ್ಟಿದ ಊರು, ಎಷ್ಟು ವರ್ಷದಿಂದ ಇಲ್ಲಿದ್ದೇನೆ ಎಂಬುದನ್ನು ಹೇಳಿಕೊಳ್ಳುತ್ತಾನೆ. ರೋಗಿಯ ಕೋಣೆಯಲ್ಲಿ ಯಾರು ನಿಂತಿದ್ದರು, ಯಾರು ಲೇಖನಿ ಹಿಡಿಸಿದರು ಎಂಬುದೂ ಬರುತ್ತದೆ. ಯಾರ್ಕಿನ ಇಂಥ ವ್ಯಾಜ್ಯಗಳ ಕಾಗದಗಳು ಬಾರ್ಥ್‌ವಿಕ್‌ನಲ್ಲಿವೆ, ಕ್ಯಾಂಟರ್ಬರಿಯವು ಕ್ಯೂನಲ್ಲಿ. ಮೇಲ್ಮನವಿ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಮೇಲ್ಮನವಿ ನ್ಯಾಯಾಲಯವಾದ ಆರ್ಚಸ್ ನ್ಯಾಯಾಲಯಕ್ಕೆ ಹೋಗಿದ್ದರೆ ಅದರ ಕಡತ ಲ್ಯಾಂಬೆತ್ ಅರಮನೆಯ ಗ್ರಂಥಾಲಯದಲ್ಲಿ ಸಿಗುತ್ತದೆ.

ಶ್ರೀರಂಗಪಟ್ಟಣದಲ್ಲೋ ಬೆಂಗಳೂರಿನಲ್ಲೋ ಸತ್ತ ಆಂಗ್ಲ ಅಧಿಕಾರಿಯ ಉಯಿಲು ಎಲ್ಲಿ ಸಿಗಬಹುದು?

ಎರಡು ಕಡೆ ನೋಡಬೇಕು. ಮೈಸೂರು ಯುದ್ಧಗಳಲ್ಲಿ, ಆಮೇಲೆ ಶ್ರೀರಂಗಪಟ್ಟಣದ ಕಾವಲು ಪಡೆಯಲ್ಲಿ, 1809ರಿಂದ ಬೆಂಗಳೂರಿನ ದಂಡುಪ್ರದೇಶದಲ್ಲಿ ಇದ್ದ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಹೆಚ್ಚಾಗಿ ಮದ್ರಾಸ್ ಸೈನ್ಯದವರು. ಅವರು ಭಾರತದಲ್ಲಿ ಬಿಟ್ಟ ಸ್ವತ್ತಿನ ಪ್ರೊಬೇಟ್ ಮದ್ರಾಸಿನ ನ್ಯಾಯಾಲಯದ್ದು: ಮೊದಲು ಮೇಯರ್ ನ್ಯಾಯಾಲಯ, 1798ರಿಂದ ರೆಕಾರ್ಡರ್ ನ್ಯಾಯಾಲಯ, 1801ರಿಂದ ಸುಪ್ರೀಂ ಕೋರ್ಟ್. ಇವುಗಳ ಪ್ರತಿಗಳು ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ‘ಎಲ್/ಎಜಿ/34/29’ ಸರಣಿಯಲ್ಲಿವೆ. ಪಕ್ಕದ 34/27 ಸರಣಿಯಲ್ಲಿ ಸ್ವತ್ತಿನ ಪಟ್ಟಿ ಮತ್ತು ಹರಾಜಿನ ಲೆಕ್ಕಗಳಿವೆ. ಸತ್ತವನ ಡೇರೆ, ಕುದುರೆ, ಪುಸ್ತಕಗಳನ್ನು ಕೊಂಡ ಸಹೋದ್ಯೋಗಿಗಳ ಹೆಸರುಗಳೂ ಆ ಲೆಕ್ಕಗಳಲ್ಲಿ ಸಿಗುತ್ತವೆ.

ಇಂಗ್ಲೆಂಡಿನಲ್ಲಿಯೂ ಸ್ವತ್ತಿದ್ದವರ ಉಯಿಲನ್ನು ಕ್ಯಾಂಟರ್ಬರಿಯಲ್ಲಿ ಮತ್ತೊಮ್ಮೆ ರುಜುವಾತು ಮಾಡುತ್ತಿದ್ದರು. ಸಮಾಧಿ ಕಾವೇರಿ ದಂಡೆಯ ಮೇಲಿದ್ದರೂ ಕಾಗದ ಪ್ರೊಬ್ 11ರಲ್ಲಿರುತ್ತದೆ. ಈ ಉಯಿಲುಗಳಲ್ಲಿ ಭಾರತೀಯ ಸಂಗಾತಿಗೆ ತಿಂಗಳ ಜೀವನಾಂಶ, ಅವಳ ಮಕ್ಕಳ ವಿದ್ಯಾಭ್ಯಾಸಕ್ಕೆ ಹಣ ಬಿಟ್ಟ ಸಾಲುಗಳು ಆಗಾಗ ಕಾಣುತ್ತವೆ. ಚರ್ಚಿನ ಮದುವೆ ರಿಜಿಸ್ಟರಿನಲ್ಲಿ ಇಲ್ಲದ ಆ ಹೆಣ್ಣುಮಕ್ಕಳ ಹೆಸರು ಲಿಖಿತವಾಗಿ ಉಳಿದಿರುವುದು ಎಷ್ಟೋ ಸಂದರ್ಭಗಳಲ್ಲಿ ಇಲ್ಲಿ ಮಾತ್ರ. ಬ್ರಿಟಿಷ್ ಇಂಡಿಯಾ ಕುಟುಂಬಗಳ ಸಂಘವಾದ ಫಿಬಿಸ್ ಮಾಡಿರುವ ಉಚಿತ ಸೂಚಿಯಿಂದ ಈ ಹುಡುಕಾಟ ತೊಡಗಬಹುದು.

ಊರು ಬಿಟ್ಟು ಕದಲದೆ ಎಷ್ಟನ್ನು ಹುಡುಕಬಹುದು?

ಬಹಳಷ್ಟನ್ನು. ಕ್ಯೂನ ಸೂಚಿ, ವೇಲ್ಸ್‌ನ ಚಿತ್ರಗಳು, ಫ್ಯಾಮಿಲಿಸರ್ಚ್‌ನ ನಕ್ಷೆ ಮತ್ತು ಹಲವು ಧರ್ಮಪ್ರಾಂತ್ಯಗಳ ಚಿತ್ರಗಳಿಗೆ ದುಡ್ಡು ಬೇಕಿಲ್ಲ. ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ತಾಣಗಳು ಚಂದಾ ಕೇಳುತ್ತವೆ. ಕೌಂಟಿ ದಾಖಲೆ ಕಚೇರಿಗಳು ಇಮೇಲ್ ಮೂಲಕ ಶುಲ್ಕ ಪಡೆದು ಪ್ರತಿ ಕಳಿಸುತ್ತವೆ. ಬರೆಯುವಾಗ ಹೆಸರು, ಪ್ಯಾರಿಷ್, ನ್ಯಾಯಾಲಯ, ರುಜುವಾತಿನ ವರ್ಷ, ಸೂಚಿಯಲ್ಲಿರುವ ಸಂಖ್ಯೆ ಇಷ್ಟನ್ನೂ ತಿಳಿಸಬೇಕು. ಸೂಚಿಯಲ್ಲಿ ಹೆಸರಿನ ಕಾಗುಣಿತ ಗುಮಾಸ್ತನ ಕಿವಿಗೆ ಬಿದ್ದಂತೆ ಇರುವುದರಿಂದ ಒಂದು ರೂಪ ಸಿಗಲಿಲ್ಲವೆಂದು ಕೈಬಿಡದೆ, ಹೆಸರನ್ನು ಖಾಲಿ ಬಿಟ್ಟು ಪ್ಯಾರಿಷ್ ಮತ್ತು ದಶಕವನ್ನಷ್ಟೇ ಕೊಟ್ಟು ಹುಡುಕಿ ಬರುವ ಪಟ್ಟಿಯನ್ನು ಕಣ್ಣಾರೆ ಓದುವುದು ಒಳ್ಳೆಯದು. ಸೂಚಿಯ ಸಾಲನ್ನೇ ಉಯಿಲೆಂದು ಭಾವಿಸಿ ಅಲ್ಲಿಗೇ ನಿಲ್ಲುವವರು ಬಹಳ. ಪ್ರತಿ ತರಿಸಿ ಓದಿದರೆ ಅದರಲ್ಲಿನ ಸಾಕ್ಷಿಗಳು, ನಿರ್ವಾಹಕರು, ಸಾಲಗಾರರು ಇವರೆಲ್ಲ ಮುಂದಿನ ಹುಡುಕಾಟಕ್ಕೆ ಹೊಸ ಹೆಸರುಗಳಾಗುತ್ತಾರೆ, ಮತ್ತು ಅವರ ಉಯಿಲುಗಳು ಬಹುಮಟ್ಟಿಗೆ ಅದೇ ನ್ಯಾಯಾಲಯದ ಮುಂದಿನ ರಿಜಿಸ್ಟರುಗಳಲ್ಲಿ ಇರುತ್ತವೆ.